ಹನ್ನೊಂದು ಕಥೆ, ಏಳು ಸಾವು: ನನ್ನ ಕರಾವಳಿ ಕಥೆಗಳ ಕರಡು ಓದಿದವರು ಮುಲಾಜಿಲ್ಲದೆ ಹೇಳಿ

ಉಪ್ಪುನೀರು
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಬರೆದ ಹನ್ನೊಂದು ಕಥೆಗಳನ್ನು ಸೇರಿಸಿ ಒಂದು ಸಂಕಲನ ತರಬೇಕು ಅಂತಿದ್ದೇನೆ. ಎಲ್ಲವೂ ನಮ್ಮ ಕರಾವಳಿಯ ಕಥೆಗಳು, ಕಾರವಾರದಿಂದ ಉಳ್ಳಾಲದವರೆಗೆ. ನಾನು ಹುಟ್ಟಿದ್ದು ಗಂಗೊಳ್ಳಿ ಹತ್ತಿರ. ಆದರೆ ಮೀನುಗಾರರ ಮನೆಯಲ್ಲಲ್ಲ, ಅಪ್ಪ ಮೇಷ್ಟ್ರು. ಈಗ ಬೆಂಗಳೂರಿನಲ್ಲಿದ್ದೇನೆ. ಅಂದರೆ ಸಮುದ್ರ ನೋಡಿದವನು, ಸಮುದ್ರಕ್ಕೆ ಹೋದವನಲ್ಲ.

ಕೇಳಿದವರಿಗೆಲ್ಲ ಕರಡು ಕಳಿಸಿದ್ದೇನೆ. ನಿನ್ನೆ ರಾತ್ರಿ ನಾನೇ ಮೊದಲಿಂದ ಕೊನೆಯವರೆಗೆ ಓದಿದೆ. ಹನ್ನೊಂದರಲ್ಲಿ ಏಳು ಕಥೆ ಯಾರಾದರೂ ನೀರಲ್ಲಿ ಸಾಯುವುದರೊಂದಿಗೆ ಮುಗಿಯುತ್ತವೆ. ಬರೆಯುವಾಗ ಗೊತ್ತೇ ಆಗಲಿಲ್ಲ. ಒಂದೊಂದೇ ಓದಿದಾಗ ಚೆನ್ನಾಗಿಯೇ ಇದ್ದವು. ಒಟ್ಟಿಗೆ ಇಟ್ಟರೆ ಮಸಣದ ಹಾಗಿದೆ. ಏನು ಮಾಡಲಿ?

ಅಡ್ಡಗಾಳಿ
ಏಳಲ್ಲ, ಎಂಟು. ಒಂಬತ್ತನೇ ಕಥೆಯ ನಾಯಿಯನ್ನು ಮರೆತಿದ್ದೀರಿ.

ಧಕ್ಕೆಯವ
ನಾನು ಮಲ್ಪೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೋಟುಗಳ ಲೆಕ್ಕ ಬರೆಯುವವ. ಕಥೆ ಬರೆದು ಗೊತ್ತಿಲ್ಲ. ಈಗ ಜೂನ್, ಬೋಟೆಲ್ಲ ಮೇಲಿವೆ. ಹಾಗಾಗಿ ಹನ್ನೊಂದನ್ನೂ ಓದಲು ಪುರುಸೊತ್ತು ಸಿಕ್ಕಿತು.

ಸಾವು ಸುಳ್ಳು ಅಂತ ನಾನು ಹೇಳುವುದಿಲ್ಲ. ಸಾಯುತ್ತಾರೆ, ನೋಡಿದ್ದೇನೆ. ಆದರೆ ನಿಮ್ಮ ಕಥೆಯ ಮೀನುಗಾರ ಬೆಳಿಗ್ಗೆ ಎದ್ದು ಸುಮ್ನೆ ಕಡಲು ನೋಡುತ್ತಾ ನಿಲ್ಲುತ್ತಾನೆ. ನನಗೆ ಗೊತ್ತಿರುವವರು ಎದ್ದ ಕೂಡಲೇ ಮೊಬೈಲ್ ನೋಡುತ್ತಾರೆ. ನಿನ್ನೆ ಯಾವ ಬೋಟಿಗೆ ಎಷ್ಟು ಬಿತ್ತು, ಅಂಜಲ್ ಮೀನಿಗೆ ರೇಟೆಷ್ಟು, ಅಷ್ಟೇ ವಿಚಾರ.

ಒಂದು ಆಳಸಮುದ್ರದ ಬೋಟು ಹತ್ತು ದಿನಕ್ಕೆ ಹೊರಟಿತು ಅಂತ ಇಟ್ಟುಕೊಳ್ಳಿ. ಡೀಸೆಲ್, ಐಸ್, ನೀರು, ರೇಷನ್ ಎಲ್ಲ ಮೊದಲೇ ತುಂಬಿಸಬೇಕು. ಅಷ್ಟೂ ಸಾಲ. ಬಂದ ಮೇಲೆ ಧಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಮೀನಿನ ಏಲಂ (ಹರಾಜು). ಏಲಂ ಹಣದಲ್ಲಿ ಮೊದಲು ಆ ಖರ್ಚು ಕಳೆಯುತ್ತೇವೆ. ಉಳಿದದ್ದು ಮಾಲಕರಿಗೆ ಇಷ್ಟು, ಬೋಟಿನವರಿಗೆ ಇಷ್ಟು ಅಂತ ಪಾಲು. ಬೋಟಿನವರ ಪಾಲಿನೊಳಗೆ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಜಾಸ್ತಿ, ಅಡುಗೆ ಮಾಡುವ ಹುಡುಗನಿಗೆ ಕಡಿಮೆ. ಕಳೆದ ಮೇಲೆ ಏನೂ ಉಳಿಯಲೇ ಇಲ್ಲ ಅಂದರೆ? ಹತ್ತು ದಿನ ನಿದ್ದೆಗೆಟ್ಟವರ ಎದುರು ಕುಳಿತು ನಾನು ಪುಸ್ತಕ ಮುಚ್ಚಬೇಕು. ಯಾರೂ ಕೂಗಾಡುವುದಿಲ್ಲ. ಒಬ್ಬ ಬೀಡಿ ಹಚ್ಚುತ್ತಾನೆ. ಇನ್ನೊಬ್ಬ "ಐಸ್ ಇಷ್ಟು ಹಾಕಿದ್ದೆವಾ?" ಅಂತ ಕೇಳುತ್ತಾನೆ. ನಿಮ್ಮ ಏಳು ಸಾವಿಗಿಂತ ಆ ಪ್ರಶ್ನೆ ನನಗೆ ಹೆಚ್ಚು ಹೆದರಿಕೆ ತರುತ್ತದೆ.

ಇನ್ನೊಂದು. ಮೂರನೇ ಕಥೆಯಲ್ಲಿ ಜುಲೈ ಮಳೆಯಲ್ಲಿ ಟ್ರಾಲ್ ಬೋಟ್ ಹೊರಡುತ್ತದೆ. ಅದು ಈಗಿನ ಕಾಲದ ಕಥೆ, ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿ ಹೋಗಬಹುದು, ಅದೂ 10 ಅಶ್ವಶಕ್ತಿಯೊಳಗಿನ ಇಂಜಿನ್ ಇದ್ದರೆ. ನಿಮ್ಮ ನಾಯಕ ಸಾಯಲೇಬೇಕು ಅಂತಿದ್ದರೆ ಆಗಸ್ಟ್ ತನಕ ಕಾಯಬೇಕು.

ಉಪ್ಪುನೀರು
ಆಗಸ್ಟ್ ತನಕ ಕಾಯಬೇಕು ಅನ್ನುವುದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಧಕ್ಕೆಯಣ್ಣ, ಆ ಐಸ್ ಪ್ರಶ್ನೆಯನ್ನು ನಾನು ಕದಿಯಬಹುದಾ?

ಧಕ್ಕೆಯವ
ಕದಿಯಿರಿ. ಆದರೆ ಅದನ್ನು ಕೇಳುವವನು ತಾಂಡೇಲ ಆಗಬಾರದು. ಐಸ್ ಹಾಕಿಸಿದವನೇ ಅವನು.

ಹಳೇರಂಪಣಿ
ತಮ್ಮಾ, ಐದನೇ ಕಥೆ ನನ್ನ ಕಾಲದ್ದು. ಅದಕ್ಕೇ ಕನ್ನಡಕ ಹಾಕಿ ಎರಡು ಸಲ ಓದಿದೆ. ಮೊದಲು ಸಣ್ಣ ತಪ್ಪುಗಳು. ಕಥೆ ನಡೆಯುವುದು 1979ರಲ್ಲಿ ಅಂತ ಬರೆದಿದ್ದೀರಿ. ಆಗ ಉಡುಪಿ ಜಿಲ್ಲೆ ಎಲ್ಲಿತ್ತು? ಅದು ಆದದ್ದು 1997ರಲ್ಲಿ. ಆಗ ನಮ್ಮದು ದಕ್ಷಿಣ ಕನ್ನಡ. ಮುಂಬೈಯಿಂದ ಬಂದ ಮಗ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಯಾವ ಸ್ಟೇಷನ್ನು ಮಾರಾಯ್ರೆ? ಕೊಂಕಣ ರೈಲು ಮುಂಬೈ ಕಡೆಯಿಂದ ಪೂರ್ತಿ ಓಡಿದ್ದು 1998ರಲ್ಲಿ. ಅವನನ್ನು ಬಸ್ಸಲ್ಲಿ ಕರೆಸಿ, ಸೊಂಟ ನೋವಿನ ಜೊತೆಗೆ.

ಈಗ ದೊಡ್ಡ ತಪ್ಪು. ರಂಪಣಿ ಬಲೆ ಎಳೆಯುವುದನ್ನು ನೀವು ಹಬ್ಬದ ಹಾಗೆ ಬರೆದಿದ್ದೀರಿ. ಹಾಡು, ಕುಣಿತ, ದಡದ ತುಂಬ ಬಂಗುಡೆ. ನಾನು ಹುಡುಗನಾಗಿದ್ದಾಗ ಹಗ್ಗ ಹಿಡಿದಿದ್ದೇನೆ. ಮೀನಿನ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣ ಬದಲಾಗುತ್ತದೆ. ಅದನ್ನು ಗುರುತಿಸುವ ಕಣ್ಣಿನವರು ಬೇರೆಯೇ ಇದ್ದರು. ಅವರು ಕೂಗಿದರೆ ದೋಣಿ ಬಲೆಯನ್ನು ಸುತ್ತ ಬಿಟ್ಟುಕೊಂಡು ಬರುತ್ತದೆ. ಆಮೇಲೆ ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಎಳೆಯಬೇಕು, ಗಂಟೆಗಟ್ಟಲೆ. ಅಂಗೈ ಸಿಪ್ಪೆ ಎದ್ದುಹೋಗುತ್ತಿತ್ತು. ಉಪ್ಪುನೀರು ತಾಗಿದರೆ ಉರಿ ಏನೆಂದು ಹೇಳಲಿ. ಹಾಡು ಇತ್ತು, ಇಲ್ಲ ಅನ್ನುವುದಿಲ್ಲ. ಕೈ ಒಟ್ಟಿಗೆ ಬೀಳಲಿ ಅಂತ ಇತ್ತು. ಖುಷಿಗೆ ಅಲ್ಲ.

ನಿಮ್ಮ ಕಥೆಯಲ್ಲಿ ಪರ್ಸೀನ್ (ಕಡಲಲ್ಲೇ ಮೀನಿನ ಹಿಂಡನ್ನು ಸುತ್ತುವ ಬಲೆ) ಬೋಟಿನ ಮಾಲಕ ದುಷ್ಟ. ಹೊರಗಿನವ, ಚಿನ್ನದ ಸರ, ಮೀಸೆ. ನಮ್ಮ ಕಡೆ ಪರ್ಸೀನ್ ಬಂದದ್ದು 1970ರ ದಶಕದ ಕೊನೆಗೆ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಮೀನು ದಡಕ್ಕೆ ಬರುವ ಮೊದಲೇ ಆಚೆ ಸುತ್ತಿ ಎತ್ತಿದರೆ ದಡದವರಿಗೆ ಏನು ಉಳಿಯುತ್ತದೆ? ಜಗಳ ಆಯಿತು, ಹೊಡೆದಾಟವೂ ಆಯಿತು. ಆದರೆ ಆ ಬೋಟಿಗೆ ಪಾಲು ಹಾಕಿದವರಲ್ಲಿ ನಿನ್ನೆವರೆಗೆ ರಂಪಣಿ ಎಳೆದವರೂ ಇದ್ದರು. ನನ್ನ ಚಿಕ್ಕಪ್ಪನೇ ಹಾಕಿದ. ನನ್ನ ಅಪ್ಪ ಹಾಕಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು. ಆ ಊಟದ ಹೊತ್ತನ್ನು ಬರೆಯಿರಿ.

ಅಳಿವೆ
ಹಳೇರಂಪಣಿ ಅವರ ಕೊನೆಯ ನಾಲ್ಕು ವಾಕ್ಯವೇ ಒಂದು ಕಥೆ. ಉಪ್ಪುನೀರು, ನೀವು ಆ ಐದನೇ ಕಥೆ ಹರಿದು ಹಾಕಿ ಹೊಸದಾಗಿ ಬರೆಯುವುದು ಒಳ್ಳೆಯದು.

ನಾನು ಕುಮಟಾ ಕಡೆಯವಳು. ನನಗೆ ತಕರಾರು ಇರುವುದು ಎರಡನೇ ಕಥೆಯ ಬಗ್ಗೆ. ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸಿನ ಕಥೆ. ಮೊದಲಿಗೆ ಒಂದು ಮೆಚ್ಚುಗೆ: ಮಂಡಿವರೆಗಿನ ಕೆಸರಿನಲ್ಲಿ ಕಾಲಿನಿಂದಲೇ ಚಿಪ್ಪು ಹುಡುಕುವ ಭಾಗ ಸರಿಯಾಗಿದೆ. ಯಾರೋ ಕಂಡವರೇ ಹೇಳಿದ್ದಾರೆ ಅನಿಸಿತು. ಆದರೆ ಆಕೆ ಒಂದು ತಿಂಗಳು ದಿನಾ ಬೆಳಿಗ್ಗೆ ಆರು ಗಂಟೆಗೆ ಹೊಳೆಗೆ ಇಳಿಯುತ್ತಾಳೆ. ಹೇಗೆ ಸಾಧ್ಯ? ನೀರು ಇಳಿದಾಗ ಮಾತ್ರ ಹೆಕ್ಕಲು ಆಗುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಆರಕ್ಕೆ ಇಳಿದರೆ ನಾಳೆ ಆರೂ ಐವತ್ತಕ್ಕೆ, ಒಂದು ವಾರ ಬಿಟ್ಟರೆ ನಡುಹಗಲು. ಆಕೆಯ ಗಡಿಯಾರ ಚಂದ್ರ. ಮಗುವಿನ ಶಾಲೆ, ಗಂಡನ ಊಟ, ಗಿರಾಕಿಯ ಫೋನು ಎಲ್ಲ ಸೂರ್ಯನ ಲೆಕ್ಕದಲ್ಲಿ ನಡೆಯುತ್ತವೆ. ಇಡೀ ಕಥೆ ಆ ಎರಡು ಲೆಕ್ಕದ ನಡುವಿನ ಒದ್ದಾಟ ಆಗಬಹುದಿತ್ತು. ನೀವು ಅದನ್ನು ಬಿಟ್ಟು ಕೊನೆಗೆ ಆಕೆಯನ್ನು ಮುಳುಗಿಸಿದಿರಿ.

ಇನ್ನೊಂದು ಮುಖ್ಯ ವಿಷಯ ಭಾಷೆ. ಕಾರವಾರದಿಂದ ಉಳ್ಳಾಲದವರೆಗೆ ನಿಮ್ಮ ಜನರೆಲ್ಲ ಒಂದೇ ಕನ್ನಡ ಮಾತಾಡುತ್ತಾರೆ. ಖಾರ್ವಿ ಮನೆಯೊಳಗೆ ಕೊಂಕಣಿ. ಭಟ್ಕಳದ ನವಾಯತರದ್ದು ನವಾಯತಿ. ಕುಂದಾಪುರದ ಮೊಗವೀರರದ್ದು ಕುಂದಗನ್ನಡ, ಉಡುಪಿಯಿಂದ ಕೆಳಗೆ ಬಂದರೆ ಅದೇ ಮೊಗವೀರರು ತುಳು. ಮಂಗಳೂರು ಬಂದರಿನಲ್ಲಿ ಬ್ಯಾರಿ. ಇಷ್ಟೂ ಭಾಷೆಯನ್ನು ಒಂದೇ ಪಾತ್ರೆಯಲ್ಲಿ ಕುದಿಸಿದರೆ ಯಾವ ಊರಿನ ರುಚಿಯೂ ಉಳಿಯುವುದಿಲ್ಲ.

ಬಯಲುಸೀಮೆ ಓದುಗ
ನಾನು ಚಿತ್ರದುರ್ಗದವನು. ಸಮುದ್ರ ನೋಡಿದ್ದು ಎರಡೇ ಸಲ. ತಪ್ಪು ತಿಳಿಯಬೇಡಿ, ಎಲ್ಲರೂ ತುಳು, ಕೊಂಕಣಿ ಮಾತಾಡಿದರೆ ನನ್ನಂಥವನಿಗೆ ಅರ್ಥ ಆಗುವುದು ಹೇಗೆ? ಈಗಲೇ ಬೂತಾಯಿ ಅಂದರೆ ಅಜ್ಜಿಯ ಹೆಸರು ಅಂದುಕೊಂಡು ಎರಡು ಪುಟ ಓದಿದ್ದೆ. ಕೊನೆಯಲ್ಲಿ ಒಂದು ಪದಪಟ್ಟಿ ಕೊಡಬಹುದಲ್ಲ?

ಅಡ್ಡಗಾಳಿ
ಅಜ್ಜಿ! ದಯವಿಟ್ಟು ಆ ಎರಡು ಪುಟ ಹೇಗಿತ್ತು ಅಂತ ಬರೆಯಿರಿ, ಮೂಲಕ್ಕಿಂತ ಚೆನ್ನಾಗಿರುತ್ತದೆ.

ಪದಪಟ್ಟಿ ಬೇಡ. ಪಟ್ಟಿ ಹಾಕಿದರೆ ಪುಸ್ತಕ ಪಠ್ಯ ಆಗುತ್ತದೆ. ಬೂತಾಯಿ ಬಾಣಲೆಗೆ ಬಿದ್ದು ಎಣ್ಣೆ ಬಿಟ್ಟರೆ ಅದು ಮೀನು ಅಂತ ಯಾರಿಗೂ ತಿಳಿಯುತ್ತದೆ.

ಅಳಿವೆ
ಇದು ಸರಿ. ಇನ್ನೊಂದು ಮಜಾ ನೋಡಿ. ನೀವು ಬೂತಾಯಿ ಅಂದ ಮೀನಿಗೆ ನಮ್ಮ ಕಡೆ ತಾರ್ಲೆ ಅನ್ನುತ್ತಾರೆ. ಕಾರವಾರದ ಕಥೆಯಲ್ಲಿ ಬೂತಾಯಿ ಅಂತ ಬಂದರೆ ಅಲ್ಲಿನವರು ಒಂದೇ ಸಾಲಿಗೆ ಪುಸ್ತಕ ಮುಚ್ಚುತ್ತಾರೆ. ಮೀನಿನ ಹೆಸರು ಬದಲಾದರೆ ಊರು ಬದಲಾಯಿತು ಅಂತ ಓದುಗನಿಗೆ ತಾನಾಗಿ ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡಿನ ಬೋರ್ಡು ತೋರಿಸುವುದೇ ಬೇಡ.

ಪೂರ್ತಿ ತುಳು ಬರೆಯಿರಿ ಅಂತ ನಾನು ಹೇಳಲಿಲ್ಲ. ಒಂದು ಸಾಲು ಸಾಕು. "ಇನಿ ಮೀನ್ ಇಜ್ಜಿ" ಅಂತ ಒಬ್ಬ ಬುಟ್ಟಿ ಮಗುಚಿ ಇಟ್ಟರೆ ಚಿತ್ರದುರ್ಗದವರಿಗೂ ಅರ್ಥ ಆಗುವುದಿಲ್ಲವಾ? ಕುಂದಾಪುರದಲ್ಲಿ "ಮೀನ್ ಇತ್ತಾ?" ಅಂದರೆ ಮೀನು ಇದೆಯಾ ಅಂತ ಅರ್ಥ. ಬೇರೆಯವರು ಇದ್ದಿತ್ತಾ ಅಂತ ಓದುತ್ತಾರೆ. ಹೊರಗಿನಿಂದ ಬಂದ ಒಬ್ಬ ಗಿರಾಕಿ ಆ ಒಂದು ಮಾತಿಗೆ ತಬ್ಬಿಬ್ಬಾದರೆ ಸಾಕು, ನಿಮಗೆ ಅರ್ಧ ಪುಟ ಸಿಕ್ಕಿತು.

ಮೀನಕ್ಕನ ಮಗಳು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ಅಮ್ಮ ಮೂವತ್ತು ವರ್ಷ ಮೀನು ಮಾರಿದವಳು. ಹನ್ನೊಂದು ಕಥೆಯಲ್ಲಿ ಮೀನು ಮಾರುವ ಹೆಂಗಸು ಒಂದೇ ಕಡೆ ಬರುತ್ತಾಳೆ. ಆಕೆಯೂ ದಡದಲ್ಲಿ ನಿಂತು ಗಂಡನಿಗೆ ಕಾಯುತ್ತಾಳೆ. ಕಾಯಲು ಹೊತ್ತೆಲ್ಲಿರುತ್ತದೆ ಅಂತ ಅಮ್ಮನನ್ನೇ ಕೇಳಿದೆ. "ಅವರು ಬರುವಾಗ ನಾನು ಮನೆಯಲ್ಲೇ ಇರ್ತಿರ್ಲಿಲ್ಲ" ಅಂದಳು.

ಬೆಳಗಿನ ಜಾವ ಧಕ್ಕೆಗೆ ಹೋಗಬೇಕು. ಏಲಂನಲ್ಲಿ ನಾಲ್ಕು ಜನ ಸೇರಿ ಒಂದು ರಾಶಿ ಹಿಡಿಯಬೇಕು, ಒಬ್ಬಳಿಗೆ ಅಷ್ಟು ಹಣ ಇರುವುದಿಲ್ಲ. ಮೀನು ಕಡ, ಐಸ್ ಕಡ. ಸಂಜೆಯೊಳಗೆ ಮಾರಿ ನಾಳೆ ಬೆಳಿಗ್ಗೆ ತೀರಿಸಬೇಕು. ತೀರಿಸದಿದ್ದರೆ ಮರುದಿನ ಯಾರೂ ಕೊಡುವುದಿಲ್ಲ. ಬಿಸಿಲು ಏರಿದ ಹಾಗೆ ಮೀನಿನ ರೇಟು ಇಳಿಯುತ್ತದೆ. ಹನ್ನೊಂದು ಗಂಟೆಯ ಅಮ್ಮನಿಗೂ ಒಂದು ಗಂಟೆಯ ಅಮ್ಮನಿಗೂ ಸ್ವರವೇ ಬೇರೆ.

ಒಂದು ಬಸ್ಸಿನವರು ಬುಟ್ಟಿ ವಾಸನೆ ಅಂತ ಹತ್ತಿಸುತ್ತಿರಲಿಲ್ಲ. ಅಮ್ಮ ಎರಡು ಮೈಲಿ ನಡೆಯುತ್ತಿದ್ದಳು. ಆದರೆ ಅದೇ ಕಂಡಕ್ಟರಿನ ಮನೆಗೆ ವಾರಕ್ಕೆರಡು ಸಲ ಬಂಗುಡೆ ಕೊಡುತ್ತಿದ್ದಳು. ಅವನ ಹೆಂಡತಿಗೆ ಗಂಡನ ಕಥೆ ಹೇಳಲಿಲ್ಲ, ಬಾಕಿಯನ್ನೂ ಬಿಡಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ಅವಳು ಚೌಕಾಸಿ ಮಾಡುವುದಿಲ್ಲ" ಅಂದಳು. ಅಷ್ಟೇ ಉತ್ತರ.

ಆಕೆಯ ಕುತ್ತಿಗೆ ಈಗ ಪೂರ್ತಿ ತಿರುಗುವುದಿಲ್ಲ. ನಿಮ್ಮ ಕಥೆಯಲ್ಲಿ ಅಂಥದ್ದು ಯಾವುದೂ ಇಲ್ಲ ಅಣ್ಣ.

ಉಪ್ಪುನೀರು
ಅಕ್ಕ, ಇದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಚಿಕ್ಕವನಿದ್ದಾಗ ನಮ್ಮ ಮನೆಗೂ ಒಬ್ಬರು ಮೀನು ತರುತ್ತಿದ್ದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ನಾವು "ಮೀನಿನವಳು ಬಂದಳು" ಅನ್ನುತ್ತಿದ್ದೆವು. ಈಗ ನೆನಪಾಗಿ ನಾಚಿಕೆಯಾಯಿತು.

ಅಡ್ಡಗಾಳಿ
ಸ್ವಲ್ಪ ತಡೆಯಿರಿ. ನಾನು ಎದುರು ಪಕ್ಷ. ಎಲ್ಲರೂ ಲೆಕ್ಕ ಬರೆಯಿರಿ, ಐಸ್ ಬರೆಯಿರಿ, ಬಾಕಿ ಬರೆಯಿರಿ ಅಂತಿದ್ದೀರಿ. ಹಾಗೇ ಮಾಡಿದರೆ ಅದನ್ನು ಸಹಕಾರಿ ಸಂಘದ ವಾರ್ಷಿಕ ವರದಿ ಅಂತ ಅಚ್ಚು ಹಾಕಿಸಬೇಕಾಗುತ್ತದೆ. ಕಡಲಿನ ಭಯ ಇಲ್ಲದ ಕರಾವಳಿ ಕಥೆ ಯಾರಿಗೆ ಬೇಕು? ಆರನೇ ಕಥೆಯಲ್ಲಿ ಅಳಿವೆ (ಹೊಳೆ ಕಡಲು ಸೇರುವ ಜಾಗ) ದಾಟುವಾಗ ದೋಣಿ ಮಗುಚುತ್ತದಲ್ಲ, ಅದು ನಿಜವಾಗಿ ಎದೆ ಹಿಂಡುತ್ತದೆ. ಹೊಳೆ ನೀರು ಹೊರಗೆ ನುಗ್ಗುವಾಗ ಕಡಲಿನ ಅಲೆ ಎದುರಿಂದ ಬರುತ್ತದೆ. ಅಡಿಯಲ್ಲಿ ಮರಳು ದಿಬ್ಬ, ಅದು ಮಳೆಗಾಲ ಕಳೆದರೆ ಜಾಗ ಬದಲಿಸಿರುತ್ತದೆ. ನಡುಕಡಲಲ್ಲಿ ವಾರಗಟ್ಟಲೆ ಇದ್ದು ಬಂದವನು ಮನೆ ದೀಪ ಕಾಣುವ ಜಾಗದಲ್ಲಿ ಮಗುಚುತ್ತಾನೆ. ಆ ಸಾವು ಇರಲಿ. ಉಳಿದ ಆರು ಜನರನ್ನು ಬದುಕಿಸಿ. ಒಂದೇ ಸಾವಿದ್ದರೆ ಅದಕ್ಕೆ ತೂಕ ಬರುತ್ತದೆ.

ಆಮೇಲೆ ಹೋಲಿಕೆಗಳು. ಕಡಲು ಹಸಿದ ಹುಲಿ ನಾಲ್ಕು ಸಲ, ಮುನಿದ ತಾಯಿ ಮೂರು ಸಲ. ಕಡಲ್ಕೊರೆತದ ಕಥೆಯಲ್ಲಂತೂ ಎರಡೂ ಒಟ್ಟಿಗೆ ಬಂದಿವೆ. ಹುಲಿಯೂ ತಾಯಿಯೂ ಸೇರಿ ಒಂದು ಹಂಚಿನ ಮನೆ ತಿನ್ನುತ್ತವೆ.

ಹಳೇರಂಪಣಿ
ಹ್ಹಹ್ಹ. ಅಲೆ ಮನೆ ಬಾಗಿಲಿಗೆ ಬಂದಾಗ ಹುಲಿ ನೆನಪಾಗುವುದಿಲ್ಲ ತಮ್ಮಾ. ಹಂಚು ಇಳಿಸುವುದು, ಬಾಗಿಲು ದಾರಂದ ಕಿತ್ತಿಟ್ಟುಕೊಳ್ಳುವುದು, ರೇಷನ್ ಕಾರ್ಡ್ ಎಲ್ಲಿದೆ ಅಂತ ಹುಡುಕುವುದು, ಇದೇ ಕೆಲಸ. ತೆಂಗಿನ ಮರವನ್ನು ಮಾತ್ರ ಏನೂ ಮಾಡಲು ಆಗುವುದಿಲ್ಲ. ಬುಡದ ಮರಳು ಹೋಗುವುದನ್ನು ನೋಡುತ್ತಾ ನಿಲ್ಲಬೇಕು.

ಅಳಿವೆ
ಅದಕ್ಕೆ ಮುಂದಿನ ಭಾಗವನ್ನೂ ಸೇರಿಸಿ. ಮನೆ ಹೋಯಿತು. ಸ್ವಲ್ಪ ಹಿಂದೆ ಸರಿದು ಕಟ್ಟಬೇಕು. 1991ರಿಂದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ದಡದ ಹತ್ತಿರ ಕಟ್ಟಲು ಅನುಮತಿ ಬೇಕು. ಕಡಲು ಒಂದೇ ರಾತ್ರಿಯಲ್ಲಿ ತೆಗೆದುಕೊಂಡದ್ದನ್ನು ಕಾಗದ ಎಷ್ಟು ವರ್ಷದಲ್ಲಿ ವಾಪಸ್ ಕೊಡುತ್ತದೆ? ನಿಯಮ ಕೆಟ್ಟದ್ದು ಅಂತಲ್ಲ. ಅದಿಲ್ಲದಿದ್ದರೆ ದಡದ ತುಂಬ ರೆಸಾರ್ಟ್ ಆಗುತ್ತಿತ್ತು. ಕಥೆಗೆ ಬೇಕಾದದ್ದು ಇದೇ, ಎರಡೂ ಕಡೆ ನ್ಯಾಯ ಇರುವ ಜಾಗ.

ಧಕ್ಕೆಯವ
ಒಂದು ಮಾತನ್ನು ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹನ್ನೊಂದನೇ ಕಥೆ. ಬೋಟು ಹೆಸರು ಬದಲಿಸಿದ್ದೀರಿ, ಆದರೆ ಅದು ಸುವರ್ಣ ತ್ರಿಭುಜ ಅಂತ ಮಲ್ಪೆಯ ಯಾರಿಗೂ ತಿಳಿಯುತ್ತದೆ. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟು, ಆಮೇಲೆ ಕಾಣೆಯಾದದ್ದು. ಏಳು ಜನ. ಕೆಲವರು ನಮ್ಮ ಉಡುಪಿ ಕಡೆಯವರು, ಉಳಿದವರು ಉತ್ತರ ಕನ್ನಡದವರು. ಬೋಟಿನ ಅವಶೇಷ ಸಿಕ್ಕಿದೆ ಅಂತ ಸುದ್ದಿ ಬಂದಾಗ 2019ರ ಮೇ ತಿಂಗಳು, ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಮುದ್ರದಲ್ಲಿ. ನಡುವೆ ನಾಲ್ಕು ತಿಂಗಳಿಗಿಂತ ಜಾಸ್ತಿ.

ನೀವು ಬೋಟಿನೊಳಗೆ ಹೋಗಿ ಅವರ ಕೊನೆಯ ರಾತ್ರಿಯನ್ನು ಬರೆದಿದ್ದೀರಿ. ಮಾತು ಕೊಟ್ಟಿದ್ದೀರಿ, ಅಳು ಕೊಟ್ಟಿದ್ದೀರಿ. ಚೆನ್ನಾಗಿ ಬರೆದಿದ್ದೀರಿ, ಅದೇ ತೊಂದರೆ. ಆ ರಾತ್ರಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದೇ ಆ ಮನೆಗಳವರ ಪಾಲಿಗೆ ಉಳಿದದ್ದು. ನಾವು ದಡದಲ್ಲಿದ್ದವರಿಗೆ ಗೊತ್ತಿದ್ದದ್ದು ಬೇರೆ. ಫೋನ್ ಸ್ವಿಚ್ ಆಫ್ ಅಂತ ಬರುತ್ತಿತ್ತು. ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಜನವರಿಯಲ್ಲಿ ಮೀನುಗಾರರೆಲ್ಲ ಸೇರಿ ಹೆದ್ದಾರಿಗೆ ಇಳಿದರು. ಆ ನಾಲ್ಕು ತಿಂಗಳು ಉಳಿದ ಬೋಟುಗಳು ಮೀನಿಗೆ ಹೋಗುತ್ತಲೇ ಇದ್ದವು. ಹೋಗದಿದ್ದರೆ ಸಾಲ ಕಟ್ಟುವವರು ಯಾರು? ನಾನು ಲೆಕ್ಕ ಬರೆಯುತ್ತಲೇ ಇದ್ದೆ.

ಮೀನಕ್ಕನ ಮಗಳು
ಆ ಕಥೆಯನ್ನು ತೆಗೆಯಿರಿ ಅಣ್ಣ. ಇಲ್ಲವಾದರೆ ಬೋಟು ಬಿಟ್ಟು ದಡಕ್ಕೆ ಬನ್ನಿ.

ಉಪ್ಪುನೀರು
ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ಸಂಕಲನದಲ್ಲಿ ಅದೇ ಒಳ್ಳೆಯ ಕಥೆ ಅಂತ ನನಗಿತ್ತು. ಅದನ್ನೇ ಕೊನೆಗೆ ಇಟ್ಟದ್ದು ಅದಕ್ಕೇ. ಈಗ ತೆಗೆದಿದ್ದೇನೆ. ಮನಸ್ಸಿಗೆ ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ.

ಅದರ ಜಾಗದಲ್ಲಿ ಒಂದು ಪುಟ ಬರೆದೆ. ಲೆಕ್ಕ ಬರೆಯುವ ಒಬ್ಬ. ಅವನ ಪುಸ್ತಕದಲ್ಲಿ ಒಂದು ಬೋಟಿನ ಪುಟ ಅರ್ಧ ಖಾಲಿ ಉಳಿದಿದೆ. ಡೀಸೆಲ್, ಐಸ್, ರೇಷನ್ ಅಂತ ಖರ್ಚು ಬರೆದಾಗಿದೆ. ಎದುರಿನ ಕಾಲಂ ಖಾಲಿ. ಮಾರ್ಚ್ ಬಂತು, ಪುಸ್ತಕ ಬದಲಿಸಬೇಕು. ಹೊಸ ಪುಸ್ತಕಕ್ಕೆ ಆ ಪುಟವನ್ನು ಎತ್ತಿ ಬರೆಯಬೇಕಾ ಬೇಡವಾ ಅಂತ ಅವನಿಗೆ ತಿಳಿಯುವುದಿಲ್ಲ. ಅಲ್ಲಿಗೆ ನಿಂತಿದೆ. ಧಕ್ಕೆಯಣ್ಣ, ಇದು ನಿಮ್ಮನ್ನು ಕದ್ದದ್ದು ಅನಿಸಿದರೆ ಹೇಳಿ, ಇದನ್ನೂ ತೆಗೆಯುತ್ತೇನೆ.

ಧಕ್ಕೆಯವ
ಎತ್ತಿ ಬರೆಯಬೇಕು. ಬಾಕಿ ಇರುವ ಪುಟ ಯಾವತ್ತೂ ಹೊಸ ಪುಸ್ತಕಕ್ಕೆ ಬರುತ್ತದೆ. ಇಟ್ಟುಕೊಳ್ಳಿ.

ಬಯಲುಸೀಮೆ ಓದುಗ
ಈ ಒಂದು ಪುಟಕ್ಕೆ ನನಗೆ ಪದಪಟ್ಟಿ ಬೇಕಾಗಲಿಲ್ಲ. ನಮ್ಮೂರ ಮಂಡಿಯಲ್ಲೂ ಅಂಥ ಪುಸ್ತಕ ಇದೆ.

ಒಂದು ಸಂಶಯ. ಎಂಟನೇ ಕಥೆಯಲ್ಲಿ ಬೋಟಿನ ಮೇಲೆ ಒಡಿಶಾದ ಹುಡುಗ ಒಬ್ಬ ಬರುತ್ತಾನೆ, ಒಂದೇ ಸಾಲು. ನಿಜಕ್ಕೂ ಅಷ್ಟು ದೂರದಿಂದ ಬರುತ್ತಾರಾ?

ಧಕ್ಕೆಯವ
ಬರುತ್ತಾರೆ. ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡು. ಈಗ ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಅವರಿಲ್ಲದೆ ಆಗುವುದೇ ಇಲ್ಲ. ಊರಿನ ಹುಡುಗರು ಓದಿ ಬೇರೆ ಕೆಲಸಕ್ಕೆ ಹೋದರು, ಒಳ್ಳೆಯದೇ ಆಯಿತು. ಜೂನ್ ಬಂದ ಕೂಡಲೇ ಇವರು ರೈಲು ಹತ್ತುತ್ತಾರೆ. ಕೆಲವರು ಸಮುದ್ರವನ್ನೇ ನೋಡದ ಊರಿನವರು. ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಕನ್ನಡ ಬಾರದು, ತುಳು ಬಾರದು. ಮೀನಿನ ಹೆಸರು ಮಾತ್ರ ತುಳುವಿನಲ್ಲಿ ಕಲಿತ. ಊರಿಗೆ ಫೋನ್ ಮಾಡಿದಾಗ ಅವನ ಭಾಷೆಯ ನಡುವೆ ಅಂಜಲ್, ಬೊಂಡಾಸ್ ಅಂತ ಕೇಳಿಸುತ್ತಿತ್ತು.

ಅಡ್ಡಗಾಳಿ
ಒಂದೇ ಸಾಲಿನಲ್ಲಿ ಇಟ್ಟ ಹುಡುಗನಿಗೆ ಪೂರ್ತಿ ಕಥೆ ಕೊಡಿ. ಒಂಬತ್ತನೆಯದು, ಆ ನಾಯಿಯ ಕಥೆ, ತೆಗೆದರೆ ಜಾಗ ಸಿಗುತ್ತದೆ. ನಾಯಿ ಉಳಿದುಕೊಂಡ ಹಾಗೂ ಆಯಿತು.

ಉಪ್ಪುನೀರು
ಹಾಗೇ ಮಾಡುತ್ತೇನೆ. ಈಗಿನ ಲೆಕ್ಕ: ಒಂಬತ್ತು ಹಳೆಯವು, ಅದರಲ್ಲಿ ಎರಡನೆಯದು, ಐದನೆಯದು ಮೊದಲಿಂದ ಬರೆಯಬೇಕು. ಎರಡು ಹೊಸವು. ಸಾವು ಒಂದೇ, ಆರನೇ ಕಥೆಯದ್ದು. ಹುಲಿ ಸೊನ್ನೆ.

ಆಗಸ್ಟ್ ಮೊದಲ ವಾರ ಊರಿಗೆ ಬರುತ್ತಿದ್ದೇನೆ. ಧಕ್ಕೆಯಣ್ಣ, ಒಂದು ದಿನ ಮಲ್ಪೆಗೆ ಬಂದರೆ ತೊಂದರೆ ಇಲ್ಲವಾ? ಬೆಳಿಗ್ಗೆ ಒಂಬತ್ತಕ್ಕೆ ಬರಲಾ?

ಧಕ್ಕೆಯವ
ಒಂಬತ್ತಕ್ಕೆ ಬಂದರೆ ನೆಲ ತೊಳೆಯುವುದನ್ನು ನೋಡಬಹುದು. ನಾಲ್ಕಕ್ಕೆ ಬನ್ನಿ. ಹೊಸ ಚಪ್ಪಲಿ ಹಾಕಬೇಡಿ.

ಮೀನಕ್ಕನ ಮಗಳು
ಅಮ್ಮ ಈಗ ಮಾರಲು ಹೋಗುವುದಿಲ್ಲ. ಆದರೆ ಏಲಂ ನೋಡಲು ಅವಳನ್ನೂ ಕರೆದುಕೊಂಡು ಬರುತ್ತೇನೆ. ರಾಶಿ ನೋಡಿದ ಕೂಡಲೇ ಎಷ್ಟಕ್ಕೆ ಹೋಗುತ್ತದೆ ಅಂತ ಈಗಲೂ ಸರಿಯಾಗಿ ಹೇಳುತ್ತಾಳೆ. ಮೊದಲು ಅವಳ ಹೆಸರು ಕೇಳಿ ಅಣ್ಣ.